ಸೀಲ್ ಒಡೆಯದ ಕ್ಯಾಲ್ಸಿಯಂ ಬಾಟಲಿ

೧.
ಎಲ್ಲಿಂದ ಶುರು ಮಾಡಲಿ? ಮೊದಲ ಸಾಲಲ್ಲೇ ಫಾಸ್ಫೋಲಿಪೇಸ್ ಅಂತ ಬರೆದರೆ ನೀವು ಪುಟ ಮಗುಚುತ್ತೀರಿ. (ಅಯ್ಯೋ, ಬರೆದೇಬಿಟ್ಟೆ. ಇನ್ನೂ ಇದ್ದೀರಾ?) ಸರಿ, ಮೊಟ್ಟೆಯಿಂದ ಶುರು ಮಾಡೋಣ.

೨.
ಒಂದು ಲ್ಯಾಬ್. ಅಲ್ಲಿ ದಿನಾ ಮೊಟ್ಟೆ ಒಡೆದು, ಬಿಳಿಯನ್ನು ಸಿಂಕಿಗೆ ಸುರಿದು, ಹಳದಿಯನ್ನಷ್ಟೇ ಉಳಿಸಿಕೊಳ್ಳುವವಳೊಬ್ಬಳು. ಎಲ್ಲರೂ ಅವಳನ್ನು ಹಳದಿ ಎಂದೇ ಕರೆಯುತ್ತಾರೆ.

ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆ. ಆ ಕೊಬ್ಬಿನ ಕಣಗಳಿಗೆ ಎರಡೆರಡು ಬಾಲ. ಹಳದಿ ಬೆನ್ನು ಹತ್ತಿರುವ ಫಾಸ್ಫೋಲಿಪೇಸ್ ಕಿಣ್ವ ಅದರಲ್ಲೊಂದನ್ನು ಕತ್ತರಿಸುತ್ತದೆ. ಹದವಾಗಿ ಕತ್ತರಿಸಿದರೆ ಪೊರೆಯ ರಿಪೇರಿ, ಕೋಶದಿಂದ ಕೋಶಕ್ಕೆ ಸುದ್ದಿ. ಹದ ತಪ್ಪಿದರೆ ಊತ, ನೋವು. ಜೇನುನೊಣದ ವಿಷದಲ್ಲೂ ಇದೇ ಕತ್ತರಿ. ಮೊಟ್ಟೆಯ ಹಳದಿಯಲ್ಲೂ ಅದೇ ಜಾತಿಯ ಕೊಬ್ಬು. ಅದನ್ನು ತಟ್ಟೆಯಲ್ಲಿ ಗಟ್ಟಿಯಾಗಿಸಿ, ಗುಳಿ ಕೊರೆದು ಕಿಣ್ವ ಹನಿಸಿದರೆ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಆ ಉಂಗುರವನ್ನು ತಡೆಯುವ ಔಷಧಿ ಹುಡುಕುವುದೇ ಇವಳ ಕೆಲಸ. (ಪಾಠ ಮುಗಿಯಿತು. ಪರೀಕ್ಷೆ ಇಲ್ಲ.)

೩.
ಹಳದಿಯ ಅಕ್ಕ ಟೈಲರ್. ಬೆರಳ ಗೆಣ್ಣುಗಳು ಊದಿಕೊಂಡು ಅವಳ ದೊಡ್ಡ ಕತ್ತರಿ ಅಟ್ಟ ಸೇರಿ ಮೂರು ವರ್ಷ. (ಅಲ್ಲೂ ಕತ್ತರಿ, ಇಲ್ಲೂ ಕತ್ತರಿ. ನಾನೇನೂ ಕರೆಯಲಿಲ್ಲ, ತಾನಾಗಿ ಬಂತು.)

ಹೋದ ವಾರ ಹದಿನೇಳನೇ ಔಷಧಿಯ ತಟ್ಟೆಯಲ್ಲಿ ಒಂದೂ ಉಂಗುರವಿಲ್ಲ! ಹಳದಿ ಅಕ್ಕನಿಗೆ ಫೋನ್ ಹಚ್ಚಿದಳು.

"ಅಕ್ಕಾ, ಸಿಕ್ತು ಕಣೇ!"

"ಮಾತ್ರೆ ಯಾವಾಗ ಬರುತ್ತೆ?"

"ಅದಕ್ಕೆ ವರ್ಷಗಟ್ಟಲೆ ಬೇಕು. ಆದ್ರೆ ಸಿಕ್ತು!"

ಅಕ್ಕ ಅವತ್ತೇ ಪಕ್ಕದ ಮನೆಯಾಕೆಯನ್ನು ಕರೆದು ಕತ್ತರಿ ಇಳಿಸಿಕೊಂಡಳು, ಎಣ್ಣೆಯನ್ನೂ ಹಾಕಿಸಿದಳು.

ಮೊದಲ ಡ್ರಾಫ್ಟ್ ಇಲ್ಲಿಗೇ ಮುಗಿದಿತ್ತು. ಚೆನ್ನಾಗಿಯೇ ಇತ್ತು. ಹರಿದು ಹಾಕಿದೆ, ಯಾಕೆಂದರೆ

೪.
ಇವತ್ತು ಬೆಳಿಗ್ಗೆ ಮತ್ತೆ ಕಿಣ್ವದ ದ್ರಾವಣ ಮಾಡಲು ಹಳದಿ ಕ್ಯಾಲ್ಸಿಯಂ ಬಾಟಲಿ ಎತ್ತಿದಳು. ಸೀಲೇ ಒಡೆದಿರಲಿಲ್ಲ.

ಕ್ಯಾಲ್ಸಿಯಂ ಇಲ್ಲದೆ ಈ ಕಿಣ್ವ ಕತ್ತರಿಸುವುದಿಲ್ಲ. ಆ ಲ್ಯಾಬಿನ ಪದ್ಧತಿ ಹೀಗೆ: ತೂಗಿ ದ್ರಾವಣಕ್ಕೆ ಹಾಕಿಯಾದ ಬಾಟಲಿ ತಕ್ಕಡಿಯ ಬಲಕ್ಕೆ, ಹಾಕದ್ದು ಎಡಕ್ಕೆ. ಹೋದ ವಾರ ತೂಗುವಾಗ ಅಕ್ಕನ ಫೋನ್ ಬಂದಿತ್ತು: "ಡಬ್ಬಿ ಮುಚ್ಚಳ ತೆಗೆಯೋಕಾಗ್ತಿಲ್ಲ ಕಣೇ." ಸಮಾಧಾನ ಹೇಳುತ್ತಾ, ಫೋನ್ ಇಡಲು ಜಾಗ ಬೇಕೆಂದು ಕ್ಯಾಲ್ಸಿಯಂ ಬಾಟಲಿಯನ್ನು ಬಲಕ್ಕೆ ಸರಿಸಿದ್ದಳು. ಆಮೇಲೆ ಅದು ಹಾಕಿದ್ದೆಂದೇ ಲೆಕ್ಕವಾಯಿತು. ಔಷಧಿ ಇಲ್ಲದ ತಟ್ಟೆ ಹಿಂದಿನ ಬಾಟಲಿಯ ಕ್ಯಾಲ್ಸಿಯಂ ಇದ್ದ ಹಳೆಯ ದ್ರಾವಣದ್ದು, ಉಂಗುರ ಬಂತು. ಔಷಧಿಯ ತಟ್ಟೆ ಅವತ್ತು ಮಾಡಿದ ಹೊಸದರದ್ದು, ಬರಲಿಲ್ಲ. ಔಷಧಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ದೇವರೇ ಬಲ್ಲ.

೫.
"ಸುಮ್ಮನಿದ್ದುಬಿಡು," ಅಂದೆ ನಾನು. "ಸುಖಾಂತ್ಯ ಕೈಗೆ ಬಂದಿದೆ."

"ಏನ್ರೀ ನೀವು! ನಿಮಗೆ ಅಂತ್ಯ ಬೇಕು, ನನಗೆ ಅಕ್ಕ ಬೇಕು. ಫೋನ್ ವಿಷಯ ಮಾತ್ರ ಬರೀಬೇಡಿ. ತನ್ನಿಂದಾನೇ ಆಯ್ತು ಅಂತ ಕೊರಗ್ತಾಳೆ."

(ಬರೆದಾಗಿತ್ತು. ಅಕ್ಕ ಕತೆ ಓದುವವಳಲ್ಲ ಎಂಬ ಧೈರ್ಯ.)

೬.
ಅಂತ್ಯ ಒಂದು: ಕ್ಯಾಲ್ಸಿಯಂ ಹಾಕಿದರೂ ಉಂಗುರವಿಲ್ಲ, ಔಷಧಿ ನಿಜ. ಅಂತ್ಯ ಎರಡು: ತಟ್ಟೆ ತುಂಬ ಉಂಗುರ. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅನ್ನುವಷ್ಟರಲ್ಲಿ ಹಳದಿ ಹೊಸ ತಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು, ಬಾಗಿಲು ಮುಚ್ಚಿ, ಅಕ್ಕನಿಗೆ ಎಲ್ಲ ಹೇಳಿಬಿಟ್ಟಳು. ಫೋನಿನದೊಂದು ಬಿಟ್ಟು.

ಅಕ್ಕ ದಿನದ ಲೆಕ್ಕ ಹಾಕಿದಳು.

"ನಾನು ಡಬ್ಬಿ ಮುಚ್ಚಳ ಅಂತ ಗೋಳಾಡಿದ ದಿನ ಅಲ್ವಾ?"

"ಅಲ್ಲ ಕಣೇ."

ಇಡೀ ಕತೆಯಲ್ಲಿ ಹಳದಿ ಹೇಳಿದ್ದು ಇದೊಂದೇ ಸುಳ್ಳು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದೂ ಇಲ್ಲೇ.

"ಕತ್ತರಿ ಏನ್ ಮಾಡ್ತೀಯಕ್ಕಾ?"

"ಅದನ್ನ ಮತ್ತೆ ಅಟ್ಟಕ್ಕೆ ಹತ್ತಿಸೋ ಶಕ್ತಿ ಈ ಕೈಗೆಲ್ಲಿದೆ? ಕೆಳಗೇ ಇರ್ಲಿ ಬಿಡು. ನೀನು ತಟ್ಟೆ ನೋಡು ಹೋಗು."

ನಾನೂ ನಿಮಗಾಗಿ ಇಣುಕಲು ಹೋದೆ. ಹಳದಿ ಬಾಗಿಲಿಗೆ ಅಡ್ಡ ನಿಂತಳು.

"ನಾಳೆ ಬೆಳಿಗ್ಗೆವರೆಗೂ ತೆಗೆಯೋ ಹಾಗಿಲ್ಲ. ನಿಮ್ಮ ಓದುಗರಿಗೂ ಹೇಳಿ."

ಹೇಳಿದ್ದೇನೆ.