ಹೋರಿ ಮಾರ್ಕಿನ ಬಿಲ್ಲೆ

ನಾನು ಟ್ರ್ಯಾಕ್ಟರಿನ ಮೂತಿಗೆ ಕೂರಿಸುವ ಅಲ್ಯೂಮಿನಿಯಂ ಬಿಲ್ಲೆ. ಅಂಗೈಯಗಲದ ನನ್ನ ಮೈಮೇಲೆ ಒಂದು ಹೋರಿ ನಿಂತಿದೆ. ಕೊಂಬು, ಹಿಣಿಲು, ಗಂಗೆದೊಗಲು, ಬಾಲದ ತುದಿಯ ಕುಚ್ಚು, ಎಲ್ಲವೂ ಇವೆ. ನನ್ನ ಅಚ್ಚು ಕೊರೆದವನು ಎತ್ತು ಸಾಕಿದವನೇ ಇರಬೇಕು. ಆಗ ಕಂಪನಿಗೂ ಅಷ್ಟು ತಾಳ್ಮೆ ಇತ್ತು. ಜನ ಆ ಟ್ರ್ಯಾಕ್ಟರನ್ನು 'ಹೋರಿ ಗಾಡಿ' ಎಂದೇ ಕರೆಯುತ್ತಿದ್ದರು.

ರೋಣದ ಕಡೆಯ ಫಕ್ಕೀರಗೌಡರು ಎತ್ತಿನ ಜೋಡಿ ಮಾರಿ ನಮ್ಮ ಗಾಡಿ ತಂದರು. ಆ ಜೋಡಿಯಲ್ಲಿ ಕೆಂಚನನ್ನು ಅವರ ಹೆಂಡತಿ ನೀಲವ್ವ ಕರುವಿನಿಂದ ಸಾಕಿದ್ದಳು. ಗಾಡಿ ಬಂದ ದಿನ ಆಕೆ ಅಂಗಳಕ್ಕೇ ಇಳಿಯಲಿಲ್ಲ. ಕಾರಹುಣ್ಣಿಮೆ ಬಂತು. ಊರಿನ ಎತ್ತುಗಳೆಲ್ಲ ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಮೆರೆಯುವಾಗ ನೀಲವ್ವ ಬರಿದಾದ ಗೋದಲಿಯ ಮುಂದೆ ಕೂತಿದ್ದಳು. ಕಣ್ಣೆತ್ತಿದವಳು ನನ್ನನ್ನು ಕಂಡಳು. ಹತ್ತಿರ ಬಂದು ನನ್ನ ಹಿಣಿಲು ಸವರಿದಳು.

"ನಮ್ಮ ಕೆಂಚಾನ ಹಂಗ ನಿಂತೈತಲ್ಲ" ಎಂದಳು.

ಅಂದಿನಿಂದ ಪ್ರತಿ ಕಾರಹುಣ್ಣಿಮೆಗೆ ನನ್ನ ಪುಟ್ಟ ಕೊಂಬುಗಳಿಗೆ ಬಣ್ಣ, ಬಾಯಿಗೆ ಒಂದಗುಳು ಹುಗ್ಗಿ. ಅಮಾವಾಸ್ಯೆಗೊಮ್ಮೆ ಹಣೆಗೆ ಕುಂಕುಮ. ಊರವರು ನಕ್ಕರು. ನನಗೆ ಮಾತ್ರ ಜೀವ ಬಂದಂತಾಯಿತು.

ಅತ್ತ ಕಂಪನಿಗೆ ಹೊಸತರ ಹುಚ್ಚು ಹಿಡಿಯಿತು. ಊರಿಗೆ ಹೊಸ ಗಾಡಿ ಬಂದಾಗಲೆಲ್ಲ ನೋಡುತ್ತಿದ್ದೆ. ಮೊದಲು ಹೋರಿಯ ಮೈ ಹೋಗಿ ಬರೀ ತಲೆ ಉಳಿಯಿತು. ಆಮೇಲೆ ಕಣ್ಣು, ಮೂಗು, ಬಾಯಿ ಹೋದವು. ಕಡೆಗೆ ಉಳಿದದ್ದು ಎರಡು ಓರೆ ಗೀರು. ಅವೇ ಕೊಂಬಂತೆ. ಅದೂ ಸ್ಟಿಕ್ಕರು.

ಒಂದು ವರ್ಷ ಕಾರಹುಣ್ಣಿಮೆಗೆ ಮುಂಚೆ, ಗಾಡಿಗಳಿಗೆ ಬಣ್ಣ ಹೊಡೆಯುತ್ತ ಊರೂರು ತಿರುಗುವ ಪೇಂಟರೊಬ್ಬ ಬಂದ. ನೀಲವ್ವ ತವರಿಗೆ ಹೋಗಿದ್ದಳು. ಆಕೆ ಬರುವಷ್ಟರಲ್ಲಿ ಗಾಡಿಯನ್ನು ಮದುಮಗನಂತೆ ಸಿಂಗರಿಸಬೇಕೆಂದು ಗೌಡರ ಆಸೆ. "ಹಳೇ ಬಿಲ್ಲೆ ತಗದು ಹೊಸಾ ಮಾರ್ಕ್ ಹಚ್ಚಪ್ಪಾ" ಎಂದು ಹೇಳಿ ಹೊಲಕ್ಕೆ ಹೋದರು. ಪೇಂಟರ್ ನನ್ನನ್ನು ಕಿತ್ತ. ಕುಂಕುಮ ಕಂಡು ಗುಜರಿಗೆ ಎಸೆಯಲು ಅವನಿಗೆ ಮನಸ್ಸಾಗಲಿಲ್ಲ. ಗೋಣಿಯ ತುಂಡಿನಲ್ಲಿ ಸುತ್ತಿ, ಸೀಟಿನ ಕೆಳಗಿನ ಟೂಲ್ ಬಾಕ್ಸಿನ ತಳಕ್ಕಿಟ್ಟು, ಮೇಲೆ ನಟ್ಟು ಬಿಚ್ಚುವ ಪಾನಾಗಳನ್ನು ಹರಡಿದ. ಯಾರಿಗೂ ಹೇಳದೆ ಮುಂದಿನೂರಿಗೆ ಹೋದ.

ಹುಣ್ಣಿಮೆಯ ದಿನ ನೀಲವ್ವನ ಬಳೆಯ ಸದ್ದು ಹತ್ತಿರ ಬಂದು, ನಿಂತುಹೋಯಿತು.

"ಕೆಂಚ ಎಲ್ಲದಾನ್ರಿ?"

"ಇದೂ ಹೋರೀನ ಐತಿ. ಈಗ ಕಂಪನಿಯವರು ಹಿಂಗ ಬರೀತಾರ. ನೋಡಿಲ್ಲೆ, ಎರಡು ಕೋಡು."

"ಇದರ ಬಾಯಿ ಎಲ್ಲೈತ್ರಿ? ಹುಗ್ಗಿ ಎಲ್ಲಿಡ್ಲಿ?"

ಎತ್ತು ಕೊಟ್ಟ ದಿನವೂ ಒಂದು ಮಾತೂ ಆಡದಿದ್ದ ನೀಲವ್ವ ಅಂದು ಹೇಳಿದಳು, "ಕೆಂಚನ್ನ ಎರಡು ಸಲ ಮಾರಿದಂಗಾತು ನೋಡ್ರಿ."

ಆಮೇಲೆ ಗೌಡರು, ಪೇಂಟರ್ ನನ್ನನ್ನು ಗುಜರಿಗೆ ಹಾಕಿರಬೇಕೆಂದು, ನರಗುಂದ, ಗಜೇಂದ್ರಗಡ, ಗದಗಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರು. ಸುತ್ತಿದ್ದು ಇದೇ ಗಾಡಿಯಲ್ಲಿ, ನನ್ನ ಮೇಲೆಯೇ ಕೂತು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಾಯಿತು. ರಸ್ತೆಯ ಗುಂಡಿ ಬಂದಾಗಲೆಲ್ಲ ಪಾನಾಗಳಿಗೆ ಬಡಿದುಕೊಂಡೆ. ನನ್ನ ಸದ್ದನ್ನು ಗೋಣಿ ನುಂಗಿತು. ಸಂಜೆ ಗಾಡಿ ಅಂಗಳಕ್ಕೆ ಬಂದಾಗ ನೀಲವ್ವ "ಸಿಕ್ತೇನ್ರಿ?" ಎಂದು ಕೇಳುವುದು ನನಗೆ ಕೇಳಿಸುತ್ತಿತ್ತು. ಆ ಪೇಂಟರನ ಭಕ್ತಿಗೆ ಇಂದಿಗೂ ಶಾಪ ಹಾಕುತ್ತೇನೆ. ಎಸೆದಿದ್ದರೆ ಸಿಗುತ್ತಿದ್ದೆ.

ಗಾಡಿಗೆ ಮುಪ್ಪು ಬಂತು. ಗೌಡರು ಮಾರಿದರು, ಕೊಂಡವನೂ ಮಾರಿದ. ಕೊನೆಗೆ ಗದಗಿನ ಗುಜರಿ ಅಂಗಡಿಯ ದಾವಲಸಾಬರು ಟೂಲ್ ಬಾಕ್ಸನ್ನು ಮಗುಚಿ ಗೋಣಿ ಬಿಚ್ಚಿದರು. ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ, ಗೌಡರು ಎಂದೋ ಕೊಟ್ಟುಹೋಗಿದ್ದ ನಂಬರಿಗೆ ಫೋನ್ ಹಚ್ಚಿದರು.

"ಗೌಡ್ರ, ನಿಮ್ಮ ಹೋರಿ ಸಿಕ್ಕೈತ್ರಿ."

ಫೋನಿನೊಳಗಿನ ಮುದಿ ದನಿ ನನಗೂ ಕೇಳಿಸಿತು. "ಈಗ ತಗೊಂಡು ಏನ್ ಮಾಡ್ಲಿ ಸಾಬ್ರ. ಅದಕ್ಕ ಬಣ್ಣ ಹಚ್ಚಾಕೀನ ಉಳದಿಲ್ಲ."

ಸಾಬರು ನನ್ನನ್ನು ಮೇಜಿನ ಮೇಲಿಟ್ಟರು. ಕಾಗದ ಹಾರದಂತೆ ಒತ್ತಿಕೊಂಡು ಅಲ್ಲೇ ಕೂತಿದ್ದೇನೆ. ಕಂಪನಿ ನನ್ನನ್ನು ಮರೆತದ್ದಕ್ಕೆ ಬೇಸರವಿಲ್ಲ. ಅಷ್ಟು ವರ್ಷ ಆ ಅಂಗಳದಲ್ಲೇ ಇದ್ದೂ ಆ ತಾಯಿಯ ಪಾಲಿಗೆ ಇಲ್ಲವಾದೆನಲ್ಲ, ಆ ಸಂಕಟ ಮಾತ್ರ ಹೋಗುವುದಿಲ್ಲ.