ಬರೀ ಸಹಾಯ

ಇಸ್ತ್ರಿ ಅಂಗಡಿಯವನ ಹೆಂಡತಿಗೆ ನಿಂತೂ ನಿಂತೂ ಕಾಲು ಮರಗಟ್ಟಿದ್ದವು. ಆಸ್ಪತ್ರೆಯವರು ಅವಳನ್ನು ನರ್ಸ್ ತರಬೇತಿಗೆ ಆರಿಸಿದ್ದರು, ಕಲಿಯುವಾಗಲೇ ಸಂಬಳ. ಸೇರುತ್ತೇನೆಂದು ಇವತ್ತು ಸಂಜೆಯೊಳಗೆ ಹೋಗಿ ಹೇಳದಿದ್ದರೆ ಆ ಜಾಗ ಬೇರೆಯವರ ಪಾಲು. ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ಗುರುಗಳನ್ನ ಒಂದ್ ಮಾತು ಕೇಳ್ಬಿಡೋಣ" ಎಂದ. ಅವನ ಜಾಯಮಾನವೇ ಅದು. ಹಲ್ಲುನೋವು ಬಂದರೂ ಗುರುಗಳೇ ಆಗಬೇಕು.

ಹುಡುಕಿಕೊಂಡು ಹೋಗುವ ತೊಂದರೆ ಬರಲಿಲ್ಲ. ಮಧ್ಯಾಹ್ನ ಗುರುಗಳೇ ತಮ್ಮ ನಿಲುವಂಗಿ ಹಿಡಿದು ಅಂಗಡಿಗೆ ಬಂದರು. ನಾಳೆ ಬೆಳಗಿನ ಪ್ರವಚನಕ್ಕೆ ಬೇಕಂತೆ. ಗಂಡ ಕೈಕಟ್ಟಿ ನಿಂತು ವಿಷಯ ಬಿಡಿಸಿ ಹೇಳಿದ. ಅವನ ಬೆನ್ನ ಹಿಂದೆಯೇ ಅವಳು ಯಾರದೋ ಅಂಗಿಯ ಕಾಲರ್ ತೀಡುತ್ತಿದ್ದಳು.

"ಇಲ್ಲೀವರೆಗೆ ಎಲ್ಲಾದ್ರೂ ಕೆಲಸಕ್ಕೆ ಹೋಗಿದ್ದಾಳೇನಪ್ಪಾ?"

"ಅಯ್ಯೋ, ಎಲ್ಲಿ ಬಂತು ಸ್ವಾಮಿ! ಮನೇಲೇ ಇರ್ತಾಳೆ. ಅಂಗಡೀಲಿ ಏನೋ ಒಂದಿಷ್ಟು ಸಹಾಯ ಮಾಡ್ತಾಳೆ, ಅಷ್ಟೇ."

ಅಷ್ಟೇ. ಬೆಳಕು ಹರಿಯುವ ಮೊದಲೇ ಶುರುವಾಗುವ ಅಷ್ಟೇ. ಮುಂಗೈ ತುಂಬ ಸುಟ್ಟ ಕಲೆ ಬೀಳಿಸಿದ ಅಷ್ಟೇ.

ಗುರುಗಳು ಕೆಟ್ಟವರಲ್ಲ, ಮೆತ್ತಗೇ ಹೇಳಿದರು. "ನೋಡಮ್ಮಾ, ಓದು ಬೇಡ ಅಂತ ಧರ್ಮ ಹೇಳಲ್ಲ. ಮಕ್ಕಳಿಗೆ ಹೇಳಿಕೊಡೋವಷ್ಟು ಓದು. ಆದ್ರೆ ಸಂಬಳದ ದುಡಿಮೆ ಗಂಡಸಿನ ಹೊರೆ. ಅದನ್ಯಾಕೆ ನೀನು ತಲೆ ಮೇಲೆ ಹೊತ್ಕೊಳ್ತೀಯ? ಗಂಡನಿಗೆ ಸಹಾಯ ಮಾಡ್ಕೊಂಡಿರು. ಹೆಂಡತಿಯಾದೋಳಿಗೆ ಅದೇ ಶೋಭೆ."

"ಸಹಾಯ ಅಂದ್ರೆ ಕಡ್ಡಾಯವಾ, ಸ್ವಾಮಿ?"

ಗುರುಗಳಿಗೆ ನಗು ಬಂತು. "ಕಡ್ಡಾಯ ಆದ್ರೆ ಅದು ಸಹಾಯ ಹೇಗಾಗುತ್ತಮ್ಮಾ? ಮನಸಾರೆ ಮಾಡ್ಬೇಕು."

"ಹಾಗಾದ್ರೆ ಇವತ್ತು ಮನಸ್ಸಿಲ್ಲ" ಎಂದವಳೇ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಟ್ಟೆಗಂಟಿನ ಮೇಲೆ ಕೂತುಬಿಟ್ಟಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ.

ಗುರುಗಳು ಹೊರಟುಹೋದರು. ಗಂಡ ತಾನೇ ನಿಲುವಂಗಿಯ ಮೇಲೆ ಇಸ್ತ್ರಿ ಹರಿಸಿದ. ಬಟ್ಟೆ ಇಸಿದುಕೊಳ್ಳುವುದು, ಗಿರಾಕಿಗಳ ಜೊತೆ ಹರಟೆ ಹೊಡೆಯುವುದು ಅವನ ಕೆಲಸ. ಇಸ್ತ್ರಿ ಮಾತ್ರ ಸಹಾಯದ ಬಾಬತ್ತು. ನಿಲುವಂಗಿಯ ತೋಳಿನ ಉದ್ದಕ್ಕೂ ರೈಲು ಹಳಿಯ ಹಾಗೆ ಎರಡೆರಡು ಗೆರೆ ಎದ್ದವು.

"ಲೇ, ಮರ್ಯಾದೆ ಹೋಗುತ್ತೆ ಕಣೇ. ಇದೊಂದು ಮಾಡ್ಕೊಡು."

"ಇದು ಕೆಲಸ ಅಂತ ಬಾಯಿಬಿಟ್ಟು ಹೇಳಿ, ಮಾಡ್ತೀನಿ."

"ಹಂಗಂದ್ರೆ ಗುರುಗಳ ಮುಂದೆ ನಾನು ಸುಳ್ಳು ಹೇಳ್ದಂಗಾಗುತ್ತಲ್ಲೇ!"

"ಹೇಳಿದ್ರಲ್ಲ ರೀ."

ಅವನು ಬಟ್ಟೆಗೆ ಸುಮ್ಮನೆ ನೀರು ಚಿಮುಕಿಸಿದ, ಮತ್ತೆ ಚಿಮುಕಿಸಿದ. ಕೊನೆಗೆ ಅಂಗಿಗೆ ಹೇಳುವವನಂತೆ ಗೊಣಗಿದ: "ಕೆಲಸಾನೇ. ಸಾಕಾ?"

ಅವಳು ಮಂಡಿ ಹಿಡಿದುಕೊಂಡು ಎದ್ದಳು. ಎರಡು ಗೆರೆಯನ್ನು ಒಂದು ಮಾಡಿ, ನಿಲುವಂಗಿ ಮಡಿಸಿಟ್ಟು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಆಸ್ಪತ್ರೆಗೆ. ಒಂದು ಕೆಲಸ ಮಾಡ್ತಿದ್ದೋಳು ಇನ್ನೊಂದಕ್ಕೆ ಹೋಗ್ತಿದೀನಿ, ಅಷ್ಟೇ."

ಬೀದಿಯ ತಿರುವಿನವರೆಗೂ ಅವನು ಕರೆಯಲಿಲ್ಲ. ಕರೆದಿದ್ದರೂ ತಿರುಗಿ ನೋಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.