ಮಾತು ತಾಗಿದ ಬೇರು

ಚೂಪಾದ ಕಟ್ಟಿಗೆ ತುಂಡಿನಿಂದ ನಾನು ಉತ್ತರಾಣಿ ಗಿಡದ ಬುಡ ಕೆದರುತ್ತಿದ್ದೆ. ಕಬ್ಬಿಣ ತಾಗಿಸುವಂತಿಲ್ಲ, ಮಾತಾಡುವಂತಿಲ್ಲ. ರವಿವಾರ ಹೊತ್ತು ಮೂಡುವ ಮೊದಲು, ದೇಹೂ ರೋಡಿನ ರೈಲು ಹಳಿಯ ಆಚೆಯ ಬಯಲಲ್ಲಿ ಈ ಕೆಲಸ ಮುಗಿಯಬೇಕು. ಕೀಳುವಾಗ ಒಂದು ಮಾತು ಹೊರಬಿದ್ದರೂ ಬೇರು ಸತ್ತಂತೆ ಎನ್ನುತ್ತಾಳೆ ಆಯಿ, ನನ್ನ ಅಪ್ಪನ ತಾಯಿ ಸಾವಂತ್ರವ್ವ. ಅದಕ್ಕೇ ಮಾತು ಕಡಿಮೆಯ ನನ್ನನ್ನು ಕಳಿಸುವುದು. "ನಮ್ಮ ಮೂಕವ್ವನ ಕೈಯಾಗ ಬೇರು ಎಂದೂ ಸಾಯಂಗಿಲ್ಲ" ಎಂದು ಔಷಧಕ್ಕೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಶಾಲೆ ಬಿಟ್ಟ ಮೇಲೆ ನನ್ನನ್ನು ಯಾರಾದರೂ ಹೊಗಳಿದ್ದು ಅದೊಂದಕ್ಕೇ.

ಆಯಿಯ ಔಷಧ ಪೂರಾ ಸುಳ್ಳಲ್ಲ. ಉತ್ತರಾಣಿ ಕಷಾಯ ಕುಡಿದು ಉಚ್ಚೆ ಸಲೀಸಾಗಿ, ಕಾಲಿನ ಬಾವು ಇಳಿದವರನ್ನು ನೋಡಿದ್ದೇನೆ. ಬೇರಿನ ಕೆಲಸ ಬೇರೆ. ಯಾರೋ ಮಾಟ ಮಾಡಿ ಮೈಯೊಳಗಿನ ನೀರು ಕಟ್ಟಿದ್ದರೆ, ಕರಿ ದಾರದಲ್ಲಿ ಬೇರನ್ನು ಸೊಂಟಕ್ಕೆ ಕಟ್ಟಿ ಆ ಮಾಟದ ಕಟ್ಟನ್ನು ಬಿಚ್ಚಬೇಕಂತೆ.

ನನ್ನ ಅವ್ವನಿಗೆ ಕಷಾಯವೂ ಆಯಿತು, ಬೇರೂ ಆಯಿತು. ಪಾದದ ಬಾವು ತೊಡೆಗೇರಿ, ನಿನ್ನೆ ಮುಖಕ್ಕೆ ಬಂತು. ಉಚ್ಚೆ ನಿಂತೇ ಹೋಯಿತು. ಕಿಡ್ನಿ ಸೋತಿದೆ, ಮುಖ ಬಾತರೆ ಕೂಡಲೇ ಕರೆತನ್ನಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಯಿ ಹಳೆಯ ಬೇರು ಬಿಚ್ಚಿ ಎಸೆದು, "ಕಟ್ಟು ಭಾಳ ಬಿಗಿ ಅದ. ನಾಳೆ ಹೊಸಾದು ಕಟ್ಟೂಣು. ಕಟ್ಟಿದ ಮ್ಯಾಲ ಅಮಾಸಿ ತನಕ ಹೊಸ್ತಿಲಾ ದಾಟಬಾರದು" ಎಂದಳು. ಅಪ್ಪ ಹೂಂ ಎಂದು ತಲೆಯಾಡಿಸಿದ. ಅಮಾವಾಸ್ಯೆ ಇನ್ನೂ ದೂರ ಇತ್ತು.

ಪೂಜೆಯ ಪತ್ರೆ ಮಾರುವ ಮರಾಠಿ ಹೆಂಗಸೊಬ್ಬಳು ಬುಟ್ಟಿ ಹಿಡಿದು ಬಂದಳು. "ಕಾಯ್ ಗ, ಆಘಾಡಾ ಕಶಾಲಾ?" ಎಂದಳು. ಉತ್ತರಾಣಿ ಯಾಕೆ ಬೇಕು ಎಂದು. ಹಿಂದೆಯೂ ಕೇಳಿದ್ದಳು, ನಾನು ತಲೆ ತಗ್ಗಿಸಿ ಹೋಗಿದ್ದೆ.

ಬೇರು ಅರ್ಧ ಮೇಲೆ ಬಂದಿತ್ತು. ಅದನ್ನು ಹಿಡಿದುಕೊಂಡೇ ಉತ್ತರ ಕೊಟ್ಟೆ. ಅವ್ವನ ಕಾಲು, ಮುಖ, ಡಾಕ್ಟರು, ಎಲ್ಲ ಹೇಳಿದೆ. ಆಮೇಲೆ ಬೇರನ್ನು ಕಿತ್ತೆ.

ಮನೆಯಲ್ಲಿ ಆಯಿ ಕರಿ ದಾರ ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದಳು.

"ತಾ ಇಲ್ಲಿ, ಮೂಕವ್ವಾ."

"ಕೀಳೂವಾಗ ಮಾತಾಡೀನಿ, ಆಯಿ."

ಒಳಗೆ ಚಹಾ ಕುಡಿಯುತ್ತಿದ್ದ ಅಪ್ಪ ನಕ್ಕುಬಿಟ್ಟ. "ಇಕಿ? ಇಕಿ ಮಾತಾಡ್ಯಾಳ?"

"ಪತ್ರಿ ಮಾರೋ ಹೆಂಗಸಿನ ಜೋಡಿ. ಭಾಳ ಮಾತಾಡೀನಿ."

ಆಯಿಯ ಕೈಯಿಂದ ದಾರ ಜಾರಿತು. "ನಿನ್ನ ಬಾಯಾಗ ಮಣ್ಣು ಹಾಕ! ಮುಂದಿನ ರವಿವಾರ ಮತ್ತ ಹೋಗು."

"ಹೋಗ್ತೀನಿ. ಅವತ್ತೂ ಮಾತಾಡ್ತೀನಿ. ಬ್ಯಾರೇದವರನ್ನ ಕಳಿಸಿದ್ರ ಅವರ ಹಿಂದ ಹೋಗಿ ಅವರನ್ನೂ ಮಾತಾಡಸ್ತೀನಿ."

"ಅವ್ವನ್ನ ಕೊಲ್ಲಾಕ ನಿಂತೀಯೇನ?"

"ಬೇರು ಕಟ್ಟಿದವರು ಹೊಸ್ತಿಲಾ ದಾಟಬಾರದು ಅಂದಿ. ಈಗ ಅವ್ವನ ಸೊಂಟಕ್ಕ ಬೇರ ಇಲ್ಲ."

ಒಳಗೆ ಹೋಗಿ ಅವ್ವನನ್ನು ಎಬ್ಬಿಸಿದೆ. ಹಿಡಿದ ಕಡೆ ನನ್ನ ಬೆರಳಿನ ಗುಳಿ ತೋಳಿನಲ್ಲಿ ಹಾಗೇ ಉಳಿಯಿತು. ನನ್ನ ಹೆಗಲ ಮೇಲೆ ಭಾರ ಹಾಕಿ ಅವಳು ಬಾಗಿಲವರೆಗೆ ಬಂದಳು. ಅಪ್ಪ ಕಪ್ಪು ಕೆಳಗಿಟ್ಟಿರಲಿಲ್ಲ. ಆಯಿ ಹೊಸ್ತಿಲ ಮೇಲೆ ಹಾಗೇ ಕುಳಿತಿದ್ದಳು.

"ಆಯಿ, ದಾರಿ ಬಿಡು. ದವಾಖಾನಿಗೆ ಹೊಂಟೀವಿ" ಎಂದೆ.

ಅವ್ವನ ಸೊಂಟ ಬಳಸಿ ಹಿಡಿದು, ಹೊಸ್ತಿಲ ಆಚೆ ಕಾಲಿಟ್ಟೆ.